ಮೂರನೇ ಆಯಾಮಕ್ಕೆ ಕಣ್ಣಿನ ಕಸರತ್ತು: ಯಾರಿಗೆ ಫಲ, ಯಾರಿಗೆ ಅಪಾಯ

ಕೆಲವೇ ವಾರ ಕಣ್ಣಿಗೆ ಕಸರತ್ತು ಕೊಟ್ಟರೆ ಆಳ, ದೂರಗಳನ್ನು ಅಳೆಯುವ ಶಕ್ತಿ ಹೆಚ್ಚುತ್ತದೆ ಎನ್ನುವ ಆ್ಯಪ್‌ಗಳಿಗೂ ವಿಆರ್ ಹೆಡ್‌ಸೆಟ್ ಆಟಗಳಿಗೂ ಈಗ ಬರವಿಲ್ಲ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಆಳ ಸರಿಯಾಗಿ ಕಾಣದಿರಲು ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಒಂದಕ್ಕೆ ಸರಿಯಾದ ಕನ್ನಡಕ ಸಾಕು. ಇನ್ನೊಂದಕ್ಕೆ ಕಸರತ್ತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮತ್ತೊಂದರಲ್ಲಿ ತಪ್ಪು ಕಸರತ್ತು ಎಲ್ಲವನ್ನೂ ಎರಡೆರಡಾಗಿ ಕಾಣಿಸುವ ಶಾಶ್ವತ ತೊಂದರೆಯನ್ನು ತಂದಿಡಬಹುದು. ಕೊನೆಯದರಲ್ಲಿ ಫಲ ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಇಲ್ಲ. ಮಾರಾಟಗಾರರು ಈ ನಾಲ್ಕಕ್ಕೂ ಒಂದೇ ಮದ್ದು ಕೊಡುತ್ತಿರುವುದೇ ಇಂದಿನ ಸಮಸ್ಯೆ.

ಎರಡು ಕಣ್ಣು ಏನು ಮಾಡುತ್ತವೆ, ಎಷ್ಟು ದೂರದವರೆಗೆ

ನಮ್ಮ ಎರಡು ಪಾಪೆಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರವಿದೆ. ಹಾಗಾಗಿ ಒಂದೇ ದೃಶ್ಯದ ಎರಡು ಬಿಂಬಗಳು ತುಸು ಬೇರೆಯಾಗಿ ಅಕ್ಷಿಪಟಲದ ಮೇಲೆ ಬೀಳುತ್ತವೆ. ಆ ವ್ಯತ್ಯಾಸದಿಂದಲೇ ಮೆದುಳು ಆಳವನ್ನು ಲೆಕ್ಕ ಹಾಕುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ, ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸುವ ತಮ್ಮ ಸ್ಟೀರಿಯೊಸ್ಕೋಪ್ ಮೂಲಕ ತೋರಿಸಿದರು. ಈ ಸಾಮರ್ಥ್ಯಕ್ಕೆ ಸ್ಟೀರಿಯೊಪ್ಸಿಸ್ ಎಂದು ಹೆಸರು. ಇದನ್ನು ಅಳೆಯುವುದು ಆರ್ಕ್ ಸೆಕೆಂಡುಗಳಲ್ಲಿ, ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗದ ಲೆಕ್ಕದಲ್ಲಿ. ಅಂಕಿ ಚಿಕ್ಕದಾದಷ್ಟೂ ನೋಟ ಸೂಕ್ಷ್ಮ. ಕ್ಲಿನಿಕ್ಕಿನ ಸಾಮಾನ್ಯ ಪರೀಕ್ಷೆಗಳಲ್ಲಿ 40 ಆರ್ಕ್ ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆರೋಗ್ಯವಂತ ನೋಟವೆಂದು ಪರಿಗಣಿಸುತ್ತಾರೆ.

40 ಆರ್ಕ್ ಸೆಕೆಂಡ್ ಎಂದರೆ ವ್ಯವಹಾರದಲ್ಲಿ ಎಷ್ಟು? 40 ಸೆಂಟಿಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ಹಿಂದು-ಮುಂದನ್ನು ಗುರುತಿಸಬಹುದು. ಒಂದು ಮೀಟರಿನಲ್ಲಿ 3 ಮಿಲಿಮೀಟರ್. ಹತ್ತು ಮೀಟರಿನಲ್ಲಿ ಅದು 30 ಸೆಂಟಿಮೀಟರಿಗೆ ಏರುತ್ತದೆ. ನೂರು ಮೀಟರಿಗೆ ಹೋದರೆ 30 ಮೀಟರ್. ದೂರ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟಾಗುತ್ತದೆ, ಏಕೆಂದರೆ ಬಿಂಬಗಳ ವ್ಯತ್ಯಾಸ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಸ್ಟೀರಿಯೊಪ್ಸಿಸ್ 400ಕ್ಕೆ ಕುಸಿದವರಿಗೆ ಈ ಎಲ್ಲ ಅಂಕಿಗಳೂ ಹತ್ತು ಪಟ್ಟು: ಕೈಯಳತೆಯಲ್ಲೇ 5 ಮಿಲಿಮೀಟರ್ ತಪ್ಪು, ಒಂದು ಮೀಟರಿನಲ್ಲಿ 3 ಸೆಂಟಿಮೀಟರ್.

ಜಾಹೀರಾತುಗಳನ್ನು ಜರಡಿ ಹಿಡಿಯಲು ಈ ಲೆಕ್ಕವೊಂದೇ ಬೇಕಾದಷ್ಟಾಯಿತು. ಸೂಜಿಗೆ ದಾರ ಪೋಣಿಸುವುದು, ಲೋಟಕ್ಕೆ ನೀರು ಬಗ್ಗಿಸುವುದು, ಬೆಸುಗೆ ಹಾಕುವುದು, ಮೆಟ್ಟಿಲಿನ ಅಂಚು ಗುರುತಿಸುವುದು, ಇವೆಲ್ಲ ಎರಡು ಕಣ್ಣಿನ ಜಂಟಿ ನೋಟಕ್ಕೆ ಸೇರಿದ ಕೆಲಸಗಳು. ರಸ್ತೆಯಲ್ಲಿ ಐವತ್ತು ಮೀಟರ್ ಮುಂದಿರುವ ವಾಹನದ ದೂರವನ್ನು ಮಾತ್ರ ನಾವು ಬೇರೆ ಸುಳಿವುಗಳಿಂದ ತಿಳಿಯುತ್ತೇವೆ. ಅದರ ಗಾತ್ರ, ಅದು ಯಾವುದನ್ನು ಮರೆಮಾಡಿದೆ, ರಸ್ತೆಯ ಅಂಚುಗಳು ದೂರ ಹೋದಂತೆ ಹೇಗೆ ಕೂಡುತ್ತವೆ, ನಾವು ಚಲಿಸುವಾಗ ಹತ್ತಿರದ ವಸ್ತುಗಳು ದೂರದವಕ್ಕಿಂತ ಎಷ್ಟು ಬೇಗ ಹಿಂದೆ ಸರಿಯುತ್ತವೆ, ಇವುಗಳೇ ಆಗ ನೆರವಿಗೆ ಬರುವುದು. ಇವಕ್ಕೆಲ್ಲ ಒಂದೇ ಕಣ್ಣು ಸಾಕು. ದೂರದಿಂದ ಬರುವ ಚೆಂಡಿನ ಅಂದಾಜಿಗೂ ಬಿಂಬ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಸುಳಿವಿನ ಪಾಲು ದೊಡ್ಡದು. ಸ್ಟೀರಿಯೊಪ್ಸಿಸ್ ಉತ್ತಮಗೊಂಡರೆ ಕ್ರೀಡಾಪಟುವಿನ ಆಟವೂ ತಾನಾಗಿಯೇ ಉತ್ತಮಗೊಳ್ಳುತ್ತದೆ ಎಂದು ಹೇಳುವವರು ನಡುವಿನ ಹಲವು ಹೆಜ್ಜೆಗಳನ್ನು ಹಾರಿಬಿಟ್ಟಿದ್ದಾರೆ.

ಕೊಂಡಿ ಎಲ್ಲಿ ಕಳಚಿದೆ

ಜಂಟಿ ನೋಟಕ್ಕೆ ನಾಲ್ಕು ಹಂತಗಳಿವೆ, ಒಂದು ಮುರಿದರೆ ಮುಂದಿನದು ನಡೆಯದು. ಎರಡೂ ಕಣ್ಣಲ್ಲಿ ಸ್ಪಷ್ಟವಾದ, ಹೆಚ್ಚುಕಡಿಮೆ ಒಂದೇ ಗಾತ್ರದ ಬಿಂಬ ಬೀಳಬೇಕು. ಎರಡೂ ಕಣ್ಣು ಒಂದೇ ಬಿಂದುವಿನತ್ತ ನೆಡಬೇಕು. ಮೆದುಳು ಎರಡರ ಮಾಹಿತಿಯನ್ನೂ ಒಪ್ಪಿಕೊಳ್ಳಬೇಕು, ಒಂದನ್ನು ಅದುಮಿಡಬಾರದು. ಕೊನೆಗೆ ಬಿಂಬಗಳ ವ್ಯತ್ಯಾಸವನ್ನು ಓದುವ ನರಕೋಶಗಳ ಜಾಲ ಬೆಳೆದಿರಬೇಕು.

ಮೊದಲ ಹಂತದ ದೋಷಕ್ಕೆ ಕಸರತ್ತು ಮಾಡುವುದು ವ್ಯರ್ಥ ಶ್ರಮ. ಎರಡು ಕಣ್ಣುಗಳ ಪವರ್ ನಡುವೆ ಹೆಚ್ಚು ಅಂತರವಿದ್ದರೆ, ಒಂದು ಕಣ್ಣಿನಲ್ಲಿ ಪೊರೆ ಬಂದಿದ್ದರೆ, ಅಕ್ಷಿಪಟಲದ ನಡುಭಾಗ ಹಾಳಾಗಿದ್ದರೆ ಆಳದ ನೋಟ ಕುಸಿಯುತ್ತದೆ. ನಲವತ್ತು ದಾಟಿದವರಿಗೆ ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಮೊನೊವಿಷನ್ ಲೆನ್ಸ್ ಅಥವಾ ಲೇಸರ್ ಚಿಕಿತ್ಸೆಯೂ ಇದನ್ನೇ ಮಾಡುತ್ತದೆ. ಓದುವ ಕನ್ನಡಕದ ಹಂಗು ತಪ್ಪುತ್ತದೆ, ಅದರ ಬೆಲೆಯಾಗಿ ಸೂಕ್ಷ್ಮ ಆಳ ಹೋಗುತ್ತದೆ. ಪವರಿನ ಅಂತರ ದೊಡ್ಡದಿದ್ದರೆ ಕನ್ನಡಕದಲ್ಲಿ ಎರಡು ಬಿಂಬಗಳ ಗಾತ್ರವೇ ಬೇರೆಯಾಗುತ್ತದೆ. ಆ ವ್ಯತ್ಯಾಸ ಶೇ 5ರ ಆಸುಪಾಸು ತಲುಪಿದರೆ ಮೆದುಳಿಗೆ ಅವನ್ನು ಬೆಸೆಯುವುದು ಬಲು ಕಷ್ಟ. ಅನೇಕರಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದೊಡನೆ ಈ ತೊಡಕು ಬಹುಪಾಲು ತಗ್ಗುತ್ತದೆ. ಪವರ್ ಅಂತರದಿಂದ ಸೋಮಾರಿ ಕಣ್ಣಾದ (ಮೆದುಳು ಸರಿಯಾಗಿ ಬಳಸದೆ ಒಂದು ಕಣ್ಣಿನ ನೋಟ ಮಂದವಾದ) 3ರಿಂದ 7 ವರ್ಷದೊಳಗಿನ ಮಕ್ಕಳ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟದೆ, ಬರೀ ಕನ್ನಡಕದಿಂದಲೇ ಸುಮಾರು ಕಾಲುಭಾಗ ಮಕ್ಕಳ ಸೋಮಾರಿ ಕಣ್ಣು ಪೂರ್ತಿ ಸರಿಹೋಗಿತ್ತು. ಯಾವ ತರಬೇತಿಯೇ ಇರಲಿ, ಹೊಸ ಕನ್ನಡಕಕ್ಕೆ ಕೆಲವು ವಾರ ಸಮಯ ಕೊಟ್ಟು ಮತ್ತೆ ಅಳೆಯದೆ ಶುರುಮಾಡಿದರೆ ಕನ್ನಡಕದ ಪುಣ್ಯ ಕಸರತ್ತಿನ ಖಾತೆಗೆ ಜಮೆಯಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಸರಳ ನೋಟ: ತೋರುಬೆರಳನ್ನು ಮುಖದಿಂದ 30 ಸೆಂಟಿಮೀಟರ್ ದೂರ ಹಿಡಿದು ಅದರಾಚೆಯ ಗೋಡೆಯನ್ನು ನೋಡಿ. ಬೆರಳು ಮಸುಕಾಗಿ ಎರಡಾಗಿ ಕಾಣಬೇಕು. ಒಂದೇ ಬೆರಳು ಕಂಡರೆ ಮೆದುಳು ಒಂದು ಕಣ್ಣಿನ ಬಿಂಬವನ್ನು ಅದುಮಿಡುತ್ತಿರುವ ಸಾಧ್ಯತೆ ಇದೆ. ಇದು ರೋಗನಿರ್ಣಯವಲ್ಲ, ಪರೀಕ್ಷೆಗೆ ಹೋಗಬೇಕೆಂಬ ಸೂಚನೆ ಅಷ್ಟೆ. ಎರಡೆರಡಾಗಿ ಕಾಣುವುದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಜೊತೆಗೆ ರೆಪ್ಪೆ ಜೋತುಬಿದ್ದಿದ್ದರೆ ಅಥವಾ ತೀವ್ರ ತಲೆನೋವಿದ್ದರೆ ಕಸರತ್ತಿನ ಮಾತೇ ಬೇಡ. ಅದು ನರದ ಅಥವಾ ಮೆದುಳಿನ ತುರ್ತು ಸಮಸ್ಯೆ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಕಸರತ್ತು ಗೆದ್ದಿರುವ ಜಾಗ

ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಮೂಗಿನತ್ತ ತಿರುಗಬೇಕು. ಈ ಒಮ್ಮುಖತೆ ದುರ್ಬಲವಾಗಿರುವುದಕ್ಕೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎನ್ನುತ್ತಾರೆ. ಓದುವಾಗ ಅಕ್ಷರ ಓಡಿದಂತಾಗುವುದು, ಹಣೆನೋವು, ಆಗಾಗ ಎರಡಾಗಿ ಕಾಣುವುದು ಇದರ ಲಕ್ಷಣಗಳು. ಪೆನ್ಸಿಲ್ ತುದಿಯನ್ನು ಮೂಗಿನತ್ತ ತಂದರೆ ಸಾಮಾನ್ಯವಾಗಿ 5–6 ಸೆಂಟಿಮೀಟರ್ ತಲುಪುವವರೆಗೂ ಒಂದಾಗಿಯೇ ಕಾಣುತ್ತದೆ. ಇವರಿಗೆ ಅದಕ್ಕಿಂತ ಬಹಳ ಮೊದಲೇ ಎರಡಾಗುತ್ತದೆ.

ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ 12 ವಾರ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿಯ ಮುಖ್ಯ ಆಧಾರ. ವಾರಕ್ಕೊಮ್ಮೆ 60 ನಿಮಿಷ ಕ್ಲಿನಿಕ್ಕಿನಲ್ಲಿ, ವಾರಕ್ಕೆ ಐದು ದಿನ 15 ನಿಮಿಷ ಮನೆಯಲ್ಲಿ ಅಭ್ಯಾಸ ಮಾಡಿದ ಗುಂಪಿನಲ್ಲಿ ಶೇ 73ರಷ್ಟು ಮಕ್ಕಳು ಗುಣ ಕಂಡರು. ಮನೆಯಲ್ಲಿ ಬರೀ ಪೆನ್ಸಿಲ್ ಕಸರತ್ತು ಮಾಡಿದವರಲ್ಲಿ ಶೇ 43, ಮನೆಯ ಕಂಪ್ಯೂಟರ್ ಅಭ್ಯಾಸದ ಜೊತೆ ಪೆನ್ಸಿಲ್ ಹಿಡಿದವರಲ್ಲಿ ಶೇ 33, ಹೋಲಿಕೆಗೆಂದು ಕೊಡುವ ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 35. ಅಂದರೆ ಎಲ್ಲರೂ ಸಲಹೆ ಕೊಡುವ ಪೆನ್ಸಿಲ್ ಕಸರತ್ತು ತೋರಿಕೆಯ ಚಿಕಿತ್ಸೆಗಿಂತ ಬಹಳ ಮುಂದೇನೂ ಇರಲಿಲ್ಲ. ಇನ್ನೊಂದು ವಿಷಯ ಗಮನಿಸಬೇಕು. ಇಲ್ಲಿ ಅಳೆದದ್ದು ಒಮ್ಮುಖತೆಯನ್ನು ಮತ್ತು ಲಕ್ಷಣಗಳನ್ನು; ಆಳದ ಸೂಕ್ಷ್ಮತೆಯನ್ನಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ಟೀರಿಯೊಪ್ಸಿಸ್ ಇದ್ದೇ ಇರುತ್ತದೆ, ಅದು ಹತ್ತಿರದಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ ಅಷ್ಟೆ. ಓದು ಸುಧಾರಿಸುತ್ತದೆಯೇ ಎಂದು ನೋಡಿದ 2019ರ ಮುಂದಿನ ಪ್ರಯೋಗದಲ್ಲಿ, 311 ಮಕ್ಕಳಲ್ಲಿ, ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ತೋರಿಕೆಯ ಚಿಕಿತ್ಸೆಯ ಗುಂಪಿಗಿಂತ ಹೆಚ್ಚೇನೂ ಏರಲಿಲ್ಲ.

ದಾರ ಮತ್ತು ಮಣಿ

ಬ್ರಾಕ್ ಸ್ಟ್ರಿಂಗ್ ಎಂದು ಕರೆಯುವ ಸಾಧನ ಅಗ್ಗದ್ದು, ಆದರೆ ಹೇಳುವ ಸತ್ಯ ದೊಡ್ಡದು. ಸುಮಾರು 3 ಮೀಟರ್ ಬಿಳಿ ದಾರ, ಅದರಲ್ಲಿ ಜರುಗಿಸಬಹುದಾದ ಮೂರು ಬಣ್ಣದ ಮಣಿಗಳು. ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಗಟ್ಟಿಯಾಗಿ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಒತ್ತಿ ಬಿಗಿಯಾಗಿ ಹಿಡಿಯಬೇಕು. ಮಣಿಗಳನ್ನು 40 ಸೆಂಟಿಮೀಟರ್, 1 ಮೀಟರ್ ಮತ್ತು ದೂರದ ತುದಿಯ ಹತ್ತಿರ ಇಡಿ. ನಡುವಿನ ಮಣಿಯನ್ನು ನೋಡಿದಾಗ ಅದು ಒಂದಾಗಿ ಕಾಣಬೇಕು, ಮುಂದಿನ ಹಾಗೂ ಹಿಂದಿನ ಮಣಿಗಳು ಎರಡೆರಡಾಗಬೇಕು, ದಾರ ಎರಡಾಗಿ ಆ ಮಣಿಯಲ್ಲೇ ಕತ್ತರಿಯಂತೆ ಹಾದುಹೋಗಬೇಕು. ಒಂದೊಂದು ಮಣಿಯ ಮೇಲೆ ಐದು ಸೆಕೆಂಡ್ ನಿಂತು ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಹೋಗುವುದೇ ಅಭ್ಯಾಸ. ಸರಾಗವಾದ ಮೇಲೆ ಹತ್ತಿರದ ಮಣಿಯನ್ನು 2–3 ಸೆಂಟಿಮೀಟರಿನಷ್ಟು ಮೂಗಿನತ್ತ ಜರುಗಿಸುತ್ತ ಹೋಗಬೇಕು.

ತಪ್ಪು ಎಲ್ಲಾಗುತ್ತಿದೆ ಎಂದು ದಾರವೇ ಹೇಳುತ್ತದೆ. ಕತ್ತರಿ ಮಣಿಗಿಂತ ಆಚೆ ಬಿದ್ದರೆ ಕಣ್ಣುಗಳು ಸಾಕಷ್ಟು ಒಳಕ್ಕೆ ತಿರುಗಿಲ್ಲ. ಈಚೆ ಬಿದ್ದರೆ ಹೆಚ್ಚು ತಿರುಗಿವೆ. ಒಂದೇ ದಾರ ಕಂಡರೆ ಒಂದು ಕಣ್ಣಿನ ಬಿಂಬವನ್ನು ಮೆದುಳು ಕೈಬಿಟ್ಟಿದೆ. ಯಾವ ಕಣ್ಣೆಂದು ತಿಳಿಯಲು, ಮಣಿಗೂ ಮೂಗಿಗೂ ನಡುವಿನ ಭಾಗ ನೋಡಿ: ಅಲ್ಲಿ ಎಡಕ್ಕೆ ಕಾಣುವ ಎಳೆ ಬಲಗಣ್ಣಿನದು, ಬಲಕ್ಕೆ ಕಾಣುವುದು ಎಡಗಣ್ಣಿನದು. ಎಳೆ ಮಾಯವಾದಾಗ ಕಣ್ಣು ಮಿಟುಕಿಸುವುದು, ದಾರವನ್ನು ಬೆರಳಿನಿಂದ ಮೀಟುವುದು, ಕೋಣೆಯ ಬೆಳಕು ತಗ್ಗಿಸುವುದು ಅದನ್ನು ಮರಳಿ ತರಬಹುದು. ಹೆಚ್ಚಿನವರು ಎಡವುವುದು ಮಾತ್ರ ಇದಕ್ಕಿಂತ ಸಾಮಾನ್ಯ ಕಾರಣಗಳಿಗೆ. ದಾರವನ್ನು ಮೂಗಿನ ನಡುವಿಗಲ್ಲದೆ ಒಂದು ಪಕ್ಕಕ್ಕೆ ಹಿಡಿಯುವುದು, ತಲೆ ಓರೆ ಮಾಡುವುದು, ದಾರ ಜೋಲು ಬಿಡುವುದು, ಕನ್ನಡಕ ತೆಗೆದಿಟ್ಟು ಮಾಡುವುದು.

ದಾರದ ಹಂತ ದಾಟಿದವರಿಗೆ ಮುಂದಿನದು ವೃತ್ತಗಳ ಬೆಸುಗೆ. ಕಾಗದದ ಮೇಲೆ 4 ಸೆಂಟಿಮೀಟರ್ ವ್ಯಾಸದ ಎರಡು ವೃತ್ತಗಳನ್ನು, ಕೇಂದ್ರಗಳ ನಡುವೆ 5 ಸೆಂಟಿಮೀಟರ್ ಅಂತರ ಬಿಟ್ಟು ಬರೆಯಿರಿ. ಪ್ರತಿಯೊಂದರೊಳಗೆ 2 ಸೆಂಟಿಮೀಟರ್ ವ್ಯಾಸದ ಚಿಕ್ಕ ವೃತ್ತ ಇರಲಿ. ಎಡಚಿತ್ರದಲ್ಲಿ ಅದು ಕೇಂದ್ರದಿಂದ 1 ಮಿಲಿಮೀಟರ್ ಬಲಕ್ಕೆ, ಬಲಚಿತ್ರದಲ್ಲಿ 1 ಮಿಲಿಮೀಟರ್ ಎಡಕ್ಕೆ ಸರಿದಿರಬೇಕು. ಕಾಗದವನ್ನು 40 ಸೆಂಟಿಮೀಟರ್ ದೂರದಲ್ಲಿಟ್ಟು, ಕಣ್ಣಿನಿಂದ ಸುಮಾರು 22 ಸೆಂಟಿಮೀಟರಿನಲ್ಲಿ ಪೆನ್ನಿನ ತುದಿ ಹಿಡಿದು ಅದನ್ನೇ ನೋಡಿ. ಹಿಂದಿನ ಕಾಗದದಲ್ಲಿ ಮೂರು ಚಿತ್ರ ಕಾಣಬೇಕು. ನಡುವಿನದು ಬೆಸೆದದ್ದು, ಅದರಲ್ಲಿ ಒಳವೃತ್ತ ಹೊರವೃತ್ತಕ್ಕಿಂತ ಹಿಂದೆ ತೇಲುತ್ತದೆ. ಪೆನ್ನಿಲ್ಲದೆ, ಕಾಗದದಾಚೆ ದೂರವನ್ನು ನೋಡುವಂತೆ ಕಣ್ಣು ಸಡಿಲಿಸಿ ಬೆಸೆದರೆ ಅದೇ ವೃತ್ತ ಮುಂದಕ್ಕೆ ಬರುತ್ತದೆ. ಹಿಂದು-ಮುಂದು ಅದಲುಬದಲಾದರೆ ನೀವು ನೋಡಿದ್ದು ನಿಜವಾದ ಸ್ಟೀರಿಯೊ ಆಳ, ಊಹೆಯಲ್ಲ. ಈ ಚಿತ್ರದ ವ್ಯತ್ಯಾಸ ಸುಮಾರು 1000 ಆರ್ಕ್ ಸೆಕೆಂಡ್, ಅಂದರೆ ಸಾಕಷ್ಟು ದಪ್ಪ ಆಳ. ಸರಿತವನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರೆ 500 ಆಗುತ್ತದೆ. ಮೂರು ಚಿತ್ರದ ಬದಲು ನಾಲ್ಕು ಕಂಡರೆ ಪೆನ್ನನ್ನು ತುಸು ಹಿಂದೆ-ಮುಂದೆ ಸರಿಸಬೇಕು. ಮೂರು ಕಂಡೂ ಆಳ ಹುಟ್ಟದಿದ್ದರೆ ಬಿಂಬಗಳು ಮಸುಕಾಗಿರಬಹುದು, ಇಲ್ಲವೇ ತೊಂದರೆ ನಾಲ್ಕನೆಯ ಹಂತದಲ್ಲಿರಬಹುದು.

ಐದು ನಿಮಿಷದ ಎರಡು ಅವಧಿಗಳು ಇಪ್ಪತ್ತು ನಿಮಿಷದ ಒಂದಕ್ಕಿಂತ ಮೇಲು. ದಣಿದ ಕಣ್ಣು ತಪ್ಪು ರೂಢಿಯನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಅದುಮಿಟ್ಟ ಕಣ್ಣನ್ನು ಎಬ್ಬಿಸುವ ಮುನ್ನ

ಬಾಲ್ಯದ ಮೆಳ್ಳೆಗಣ್ಣಿನಲ್ಲಿ ಎರಡು ಕಣ್ಣು ಎರಡು ದಿಕ್ಕು ನೋಡುತ್ತವೆ. ಎರಡೆರಡಾಗಿ ಕಾಣುವುದನ್ನು ತಪ್ಪಿಸಲು ಮೆದುಳು ಒಂದನ್ನು ಅದುಮಿಡುತ್ತದೆ. ಇದು ದೋಷವೂ ಹೌದು, ರಕ್ಷಣೆಯೂ ಹೌದು. ಅಂಥ ವಯಸ್ಕರು ಕೆಂಪು-ಹಸಿರು ಕನ್ನಡಕದ ಆಟಗಳಿಂದ ಆ ತಡೆಯನ್ನು ಮುರಿದುಕೊಂಡು, ಕಣ್ಣುಗಳನ್ನು ಒಂದೇ ಕಡೆ ನೆಡುವ ಶಕ್ತಿ ಮಾತ್ರ ಇಲ್ಲದೆ ಉಳಿದರೆ, ಜೋಡಿ ಬಿಂಬ ಶಾಶ್ವತವಾಗಿ ನಿಲ್ಲಬಹುದು. ಕೆಲವೊಮ್ಮೆ ಅದಕ್ಕಿರುವ ಪರಿಹಾರ ಒಂದು ಕಣ್ಣಿನ ಮುಂದೆ ಮಸುಕು ಗಾಜು ಹಾಕುವುದೊಂದೇ. ಹಾಗಾಗಿ ಆರ್ಥಾಪ್ಟಿಸ್ಟರು (ಕಣ್ಣುಗಳ ಹೊಂದಾಣಿಕೆಯ ತಜ್ಞರು) ಮೊದಲು ಪ್ರಿಸಮ್ (ಬೆಳಕನ್ನು ಪಕ್ಕಕ್ಕೆ ಬಾಗಿಸುವ ಗಾಜು) ಹಿಡಿದು ಎರಡು ಬಿಂಬಗಳು ಒಂದಾಗುತ್ತವೆಯೇ ಎಂದು ನೋಡುತ್ತಾರೆ. ಹಂತಹಂತವಾಗಿ ಗಾಢವಾಗುವ ಕೆಂಪು ಫಿಲ್ಟರುಗಳ ಸ್ಬೀಸಾ ಬಾರ್‌ನಿಂದ ತಡೆಯ ದಪ್ಪವನ್ನೂ ಅಳೆಯುತ್ತಾರೆ. ಬಿಂಬಗಳು ಬೆಸೆಯದಿದ್ದರೆ ತಡೆಯನ್ನು ಮುಟ್ಟದಿರುವುದೇ ಜಾಣತನ. ಆ್ಯಪ್ ಇದ್ಯಾವುದನ್ನೂ ಅಳೆಯುವುದಿಲ್ಲ. ವೈದ್ಯರ ತಪಾಸಣೆಯಿಲ್ಲದೆ ಈ ಕಸರತ್ತು ಬೇಡವೆನ್ನಲು ಇಷ್ಟು ಸಾಕು.

ದೊಡ್ಡವರಿಗೆ ಬಾಗಿಲು ಮುಚ್ಚಿದೆಯೇ

ಮಗುವಿಗೆ ಸ್ಟೀರಿಯೊ ನೋಟ ಬರುವುದು ಸುಮಾರು 3ರಿಂದ 5 ತಿಂಗಳ ವಯಸ್ಸಿನಲ್ಲಿ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಬಾಲ್ಯದಲ್ಲಿ ಒಂದು ಕಣ್ಣು ಮುಚ್ಚಿದ್ದರೆ ಅಥವಾ ಕಣ್ಣುಗಳು ಹೊಂದಿಕೊಳ್ಳದಿದ್ದರೆ ಎರಡೂ ಕಣ್ಣಿಗೆ ಸ್ಪಂದಿಸುವ ನರಕೋಶಗಳು ವಿರಳವಾದವು. ಅವರಿಗೆ 1981ರಲ್ಲಿ ನೊಬೆಲ್ ಬಂತು. ಈ ಪ್ರಯೋಗಗಳಿಂದ ಬಾಲ್ಯ ಕಳೆದರೆ ಮುಗಿಯಿತು ಎಂಬ ನಂಬಿಕೆ ಬೇರೂರಿತು. ಮಗುವಾಗಿದ್ದಾಗಲೇ ಮೆಳ್ಳೆಗಣ್ಣಿದ್ದ ನರವಿಜ್ಞಾನಿ ಸುಸಾನ್ ಬ್ಯಾರಿ 48ನೇ ವಯಸ್ಸಿನಲ್ಲಿ ಪ್ರಿಸಮ್ ಕನ್ನಡಕ ಮತ್ತು ತರಬೇತಿಯಿಂದ ಆಳ ಕಂಡದ್ದು ಆ ನಂಬಿಕೆಗೆ ಬಿದ್ದ ಪೆಟ್ಟು. 2011ರಲ್ಲಿ ಡಿಂಗ್ ಮತ್ತು ಲೆವಿ, ಆಳ ಕಾಣದ ಕೆಲವು ವಯಸ್ಕರು ಪುನರಾವರ್ತಿತ ಅಭ್ಯಾಸದಿಂದ ಸ್ಟೀರಿಯೊಪ್ಸಿಸ್ ಪಡೆದದ್ದನ್ನು ಪ್ರಯೋಗಾಲಯದಲ್ಲಿ ದಾಖಲಿಸಿದರು. ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದು ಈಗ ಖಚಿತ. ಆದರೆ ಬೆರಳೆಣಿಕೆಯ ಜನ, ಸಾವಿರಾರು ಬಾರಿಯ ಅಭ್ಯಾಸ, ಪಕ್ಕದಲ್ಲೇ ತಜ್ಞರು, ಇಂಥ ಸ್ಥಿತಿಯಲ್ಲಿ ಸಿಕ್ಕ ಫಲವನ್ನು ಮನೆಯ ಆಟಕ್ಕೆ ಹಾಗೇ ವರ್ಗಾಯಿಸಲಾಗದು.

ದೊಡ್ಡ ಪ್ರಯೋಗಗಳು ಇದನ್ನೇ ತೋರಿಸಿವೆ. ಒಳ್ಳೆಯ ಕಣ್ಣಿಗೆ ಮಂಕಾದ ಚಿತ್ರ, ಸೋಮಾರಿ ಕಣ್ಣಿಗೆ ಢಾಳಾದ ಚಿತ್ರ ಕೊಟ್ಟು, ಎರಡನ್ನೂ ಸೇರಿಸಿದರೆ ಮಾತ್ರ ಆಡಲಾಗುವ ಆಟಗಳನ್ನು ಡೈಕಾಪ್ಟಿಕ್ ತರಬೇತಿ ಎನ್ನುತ್ತಾರೆ. 2016ರಲ್ಲಿ 385 ಮಕ್ಕಳ ಪ್ರಯೋಗದಲ್ಲಿ ದಿನಕ್ಕೆ ಒಂದು ಗಂಟೆಯ ಇಂಥ ಆಟ, ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟುವುದರಷ್ಟು ಫಲ ಕೊಡಲಿಲ್ಲ. ಹೇಳಿದ ಸಮಯದ ಮುಕ್ಕಾಲು ಪಾಲಿಗಿಂತ ಹೆಚ್ಚು ಆಡಿದವರು ಕಾಲುಭಾಗ ಮಕ್ಕಳೂ ಇರಲಿಲ್ಲ, ಅದೇ ಆಟ ಬೇಸರ ತಂದಿರಬಹುದು. 2018ರಲ್ಲಿ 7 ವರ್ಷ ಮೇಲ್ಪಟ್ಟ 115 ಮಂದಿಯಲ್ಲಿ ಆಟ ತೋರಿಕೆಯ ಆಟಕ್ಕಿಂತ ಮುಂದಾಗಲಿಲ್ಲ. ಆಟದ ಬದಲು ಮಕ್ಕಳಿಗಿಷ್ಟದ ವಿಡಿಯೊಗಳನ್ನೇ ಮಾರ್ಪಡಿಸಿ ಹೆಡ್‌ಸೆಟ್‌ನಲ್ಲಿ ತೋರಿಸುವ ಲ್ಯುಮಿನೋಪಿಯಾಗೆ 2021ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ವಾರಕ್ಕೆ ಆರು ದಿನ, ದಿನಕ್ಕೊಂದು ಗಂಟೆ, 12 ವಾರ; ಸೋಮಾರಿ ಕಣ್ಣು ಚಾರ್ಟಿನಲ್ಲಿ 1.8 ಸಾಲು ಸುಧಾರಿಸಿತು, ಬರೀ ಕನ್ನಡಕದ ಗುಂಪಿನಲ್ಲಿ 0.8. ಗಮನಿಸಿ: ಆಗ ಕೊಟ್ಟ ಅನುಮತಿ 4ರಿಂದ 7 ವರ್ಷದವರಿಗಿತ್ತು, ಅದೂ ಅಕ್ಷರ ಕಾಣುವ ಸ್ಪಷ್ಟತೆಗೆ. ವಯಸ್ಕರಿಗೆ ಆಳ ಕಾಣಿಸುವ ಭರವಸೆ ಅದರಲ್ಲಿರಲಿಲ್ಲ.

ಒಂದೇ ಕಣ್ಣಿನವರಿಗೆ

ಒಂದು ಕಣ್ಣನ್ನು ಕಳೆದುಕೊಂಡವರಿಗೆ ಸ್ಟೀರಿಯೊ ತರಬೇತಿ ಇಲ್ಲ, ಆದರೆ ಕಲಿಯುವುದು ಬೇಕಾದಷ್ಟಿದೆ. ಕೈಚಾಚುವ ಮುನ್ನ ತಲೆಯನ್ನು ಕೆಲವು ಸೆಂಟಿಮೀಟರ್ ಪಕ್ಕಕ್ಕೆ ಆಡಿಸಿದರೆ ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಸರಿಯುತ್ತದೆ. ಈ ಚಲನೆಯಿಂದ ಆಳ ತಿಳಿಯುತ್ತದೆ. ನೀರು ಬಗ್ಗಿಸುವಾಗ ಪಾತ್ರೆಯ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಬಗ್ಗಿಸುವುದು, ಮೆಟ್ಟಿಲ ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಅಂಟಿಸುವುದು, ಇಳಿಯುವಾಗ ಮೊದಲ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡುವುದು ಮೊದಲ ತಿಂಗಳುಗಳಲ್ಲಿ ತುಂಬ ಉಪಯುಕ್ತ.

ಸುಧಾರಿಸಿದೆ ಎಂದು ತಿಳಿಯುವುದು ಹೇಗೆ

ಅಭ್ಯಾಸ ಮಾಡಿದ ಪರೀಕ್ಷೆಯಲ್ಲೇ ಅಂಕ ಏರುವುದು ಸುಧಾರಣೆಯ ಪುರಾವೆಯಲ್ಲ. ಆಳದ ನೋಟ ಅಳೆಯುವ, ನೊಣದ ಚಿತ್ರವಿರುವ ಹೆಸರಾಂತ ಟಿಟ್ಮಸ್ ಪರೀಕ್ಷೆಯಲ್ಲಿ ಆರಂಭದ ವೃತ್ತಗಳು ಪಕ್ಕಕ್ಕೆ ಸರಿದಿರುವುದು ಒಂದೇ ಕಣ್ಣಿಗೂ ಗೊತ್ತಾಗುತ್ತದೆ. ಪ್ರಶ್ನೆಗಳು ಕೆಲವೇ ಆದ್ದರಿಂದ ಉತ್ತರ ಬಾಯಿಪಾಠವಾಗುವುದೂ ಉಂಟು. ಬೇಲಾ ಯುಲೆಸ್ 1960ರಲ್ಲಿ ಪರಿಚಯಿಸಿದ ಯಾದೃಚ್ಛಿಕ ಚುಕ್ಕೆಗಳ ಚಿತ್ರದಲ್ಲಿ ಈ ಮೋಸಕ್ಕೆ ಎಡೆಯಿಲ್ಲ. ಒಂದು ಕಣ್ಣಿಗೆ ಅಲ್ಲಿ ಬರೀ ಚುಕ್ಕೆಗಳೇ. ಆದ್ದರಿಂದ ತರಬೇತಿಗೆ ಮುಂಚೆ ಮತ್ತು ನಂತರ, ತರಬೇತಿಯಲ್ಲಿ ಬಳಸದ ಚುಕ್ಕೆ ಪರೀಕ್ಷೆಯಿಂದ, ಅದೇ ಕನ್ನಡಕ, ಅದೇ 40 ಸೆಂಟಿಮೀಟರ್ ದೂರ, ಅದೇ ಬೆಳಕಿನಲ್ಲಿ ಅಳೆಯಬೇಕು. ಜೊತೆಗೆ ಒಮ್ಮುಖದ ಬಿಂದು ಎಷ್ಟು ಸೆಂಟಿಮೀಟರ್ ಎಂಬುದನ್ನೂ ಬರೆದಿಡಬೇಕು. ಪರೀಕ್ಷೆ ಮಾಡುವವರು ತರಬೇತಿ ಕೊಟ್ಟವರೇ ಆಗಿರದಿದ್ದರೆ ಇನ್ನೂ ಒಳ್ಳೆಯದು. ಕಣ್ಣಿನ ದೃಷ್ಟಿ ಹೆಚ್ಚಿಸುತ್ತದೆ ಎಂದು ಹೇಳಿಕೊಂಡ ಒಂದು ಆ್ಯಪಿನ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕ್ರಮ ಕೈಗೊಂಡದ್ದು ಆಧಾರವಿಲ್ಲದ ಹೇಳಿಕೆಗಾಗಿಯೇ.

ಹೆಡ್‌ಸೆಟ್ ಬಳಸುವವರಿಗೆ ಇನ್ನೊಂದು ತೊಡಕಿದೆ. ಒಳಗಿನ ಪರದೆ ಒಂದೇ ದೂರಕ್ಕೆ ಫೋಕಸ್ ಆಗಿರುತ್ತದೆ, ಕಣ್ಣುಗಳು ಮಾತ್ರ ಹತ್ತಿರ-ದೂರ ತಿರುಗುತ್ತಿರುತ್ತವೆ. ಈ ಘರ್ಷಣೆಯಿಂದ ಬರುವ ತಲೆನೋವನ್ನು ತರಬೇತಿಯ ದಣಿವೆಂದು ತಪ್ಪು ತಿಳಿಯಬಾರದು. ಕಣ್ಣುಗಳ ಅಂತರಕ್ಕೆ ಹೆಡ್‌ಸೆಟ್ಟನ್ನು ಹೊಂದಿಸದಿದ್ದರೆ ಅದು ಇನ್ನಷ್ಟು ಹೆಚ್ಚುತ್ತದೆ.

ಒಮ್ಮುಖದ ತೊಂದರೆಗೆ 12 ವಾರ ನ್ಯಾಯವಾದ ಗಡುವು. ಅಷ್ಟರಲ್ಲಿ ಅಳತೆ ಬದಲಾಗದಿದ್ದರೆ ಇನ್ನೊಂದು ಕಂತು ಹಣ ಕಟ್ಟುವ ಮುನ್ನ ರೋಗನಿರ್ಣಯವನ್ನೇ ಮತ್ತೊಮ್ಮೆ ಮಾಡಿಸಬೇಕು. ಪವರ್, ಪೊರೆ, ಅಕ್ಷಿಪಟಲ, ಕಣ್ಣುಗಳ ಮೇಲೆ-ಕೆಳಗಿನ ಸಣ್ಣ ಓರೆ, ಈ ಕ್ರಮದಲ್ಲಿ. ಕೊನೆಯದನ್ನು ಪ್ರಿಸಮ್ ಸರಿಪಡಿಸಬಲ್ಲದು, ದಾರ-ಮಣಿ ಸರಿಪಡಿಸದು.